ತುರಿಕೆಗೆ ಮದ್ದು ಹೇಳುವ ಮೊದಲು ಗಿಡ ಯಾವುದೆಂದು ಕೇಳಿ

ಮಾನ್ಯರೇ,

ಮುಂಗಾರಿಗೆ ಮೊದಲು ಮರ ಕಪಾತು, ಅಂದರೆ ಕಾಫಿ ತೋಟದ ನೆರಳುಮರಗಳ ಕೊಂಬೆ ಕಡಿಯುವ ಕೆಲಸ, ಶುರುವಾಯಿತೆಂದರೆ ನಮ್ಮ ಕಡೆಯ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಒಂದು ಸಂದೇಶ ತಪ್ಪದೆ ತಿರುಗುತ್ತದೆ. 'ಗಿಡಮರಗಳಿಂದಾಗುವ ಎಲ್ಲ ಬಗೆಯ ತುರಿಕೆಗೂ ಒಂದೇ ಮದ್ದು: ಅರಿಶಿನಕ್ಕೆ ನಿಂಬೆರಸ ಕಲಸಿ ಬಳಿಯಿರಿ, ಅರ್ಧ ಗಂಟೆ ಎಳೆಬಿಸಿಲಿನಲ್ಲಿ ಕುಳಿತುಕೊಳ್ಳಿ.' ಈ ವರ್ಷ ಅದು ನನಗೆ ನಾಲ್ಕು ಕಡೆಯಿಂದ ಬಂತು. ಅದರಲ್ಲಿ ಒಂದು ನನ್ನ ಸ್ವಂತ ತಂಗಿಯಿಂದ. ಕೆಳಗೆ ಕೈಮುಗಿದ ಚಿತ್ರ ಬೇರೆ. ಆ ಮದ್ದು ಹಚ್ಚಿಕೊಂಡ ಒಬ್ಬ ಹುಡುಗನ ತೋಳನ್ನು ನಾನು ಹತ್ತಿರದಿಂದ ಕಂಡಿದ್ದೇನೆ. ಅದಕ್ಕೇ ಈ ಪತ್ರ. ಉದ್ದವಾಯಿತೆನಿಸಿದರೆ ಕತ್ತರಿಸಿಕೊಳ್ಳಿ, ಸಾಬೂನಿನ ಮಾತನ್ನು ಮಾತ್ರ ಬಿಡಬೇಡಿ.

ನಾನು ಕೊಡಗಿನ ಸಿದ್ದಾಪುರದ ಆಸುಪಾಸಿನ ಎರಡು ಕಾಫಿ ತೋಟಗಳಲ್ಲಿ ಒಟ್ಟು 31 ವರ್ಷ ರೈಟರ್, ಅಂದರೆ ಹಾಜರಿ-ಲೆಕ್ಕ ಬರೆಯುವ ಗುಮಾಸ್ತ, ಆಗಿದ್ದು ನಿವೃತ್ತನಾದವನು. ವೈದ್ಯನಲ್ಲ, ನಾಟಿ ವೈದ್ಯನೂ ಅಲ್ಲ. ಆದರೆ ಹಾಜರಿ ಪುಸ್ತಕವೂ ಔಷಧಿ ಪೆಟ್ಟಿಗೆಯೂ ಒಂದೇ ಬೀರುವಿನಲ್ಲಿ ಇರುತ್ತಿದ್ದುದರಿಂದ, ಯಾರು ಏಕೆ ಕೆಲಸಕ್ಕೆ ಬರಲಿಲ್ಲ ಎಂಬುದು ನನಗೆ ತಿಳಿಯದೆ ಇರುತ್ತಿರಲಿಲ್ಲ. ಜ್ವರಕ್ಕೆ 'ಜ್ವ', ಊರಿಗೆ ಹೋದವರಿಗೆ 'ಊ' ಎಂದು ಗುರುತು ಹಾಕುತ್ತಿದ್ದೆ. 'ಚೇ' ಎಂದರೆ ಚೇರು, ಸೊನೆ ತಾಗಿದರೆ ಮೈ ಊದಿಸುವ ಮರ. ಮರ ಕಪಾತಿನ ದಿನಗಳ ಪುಟ ತಿರುವಿದರೆ ಈ 'ಚೇ' ಒಂದರ ಕೆಳಗೊಂದು ಕುಳಿತಿರುತ್ತಿತ್ತು. ಅದೂ ಮರ ಹತ್ತಿದ ದಿನದಲ್ಲಿ ಅಲ್ಲ, ಅದರ ಮರುದಿನವೋ ಮೂರನೆಯ ದಿನವೋ. ಹತ್ತಿದವನು ಆ ಸಂಜೆ ನಗುನಗುತ್ತಲೇ ಮನೆಗೆ ಹೋಗಿರುತ್ತಾನೆ. ಎರಡು ದಿನ ಕಳೆದು ನೋಡಿದರೆ ಕಣ್ಣು ತೆರೆಯಲಾಗದಂತೆ ಮುಖ ಊದಿ, ಲೈನ್ ಮನೆಯ (ತೋಟದ ಆಳುಗಳ ಸಾಲುಮನೆಯ) ಜಗಲಿಯಲ್ಲಿ ಕುಳಿತಿರುತ್ತಾನೆ. ಈ ತಡವೇ ಗೊಂದಲದ ಮೂಲ. ರಾತ್ರಿ ತಿಂದ ಒಣಮೀನಿನ ಮೇಲೆ, ಹೊಸ ಸಾಬೂನಿನ ಮೇಲೆ, ನೆರೆಮನೆಯವರ ಕಣ್ಣಿನ ಮೇಲೆ ತಪ್ಪು ಹೊರಿಸುತ್ತಾರೆ. ಮೊನ್ನೆ ಅಪ್ಪಿಕೊಂಡ ಮರ ನೆನಪಾಗುವುದಿಲ್ಲ.

ಚೇರು ಗೊತ್ತಿಲ್ಲದ ಓದುಗರಿಗೆ ಎರಡು ಮಾತು. ಹೊಳಗೇರು, ಕಾಡುಗೇರು ಎಂದೆಲ್ಲ ಕರೆಯುವ ಈ ಮರ ಪಶ್ಚಿಮ ಘಟ್ಟದ್ದೇ. ನೆರಳಿಗೆಂದು ಉಳಿಸಿಕೊಂಡ ಕಾಡುಮರಗಳ ನಡುವೆ ನಮ್ಮ ಹಲವು ತೋಟಗಳಲ್ಲಿ ಒಂದೋ ಎರಡೋ ಸೇರಿಕೊಂಡಿರುತ್ತವೆ. ದೂರದಿಂದ ನೋಡಿದರೆ ಮಾವಿನ ಮರವೆಂದೇ ಅನಿಸಬೇಕು. ಕೊಂಬೆಯ ತುದಿಯಲ್ಲಿ ಗುಂಪಾಗಿ ನಿಂತ ಉದ್ದನೆಯ, ಹೊಳೆಯುವ ಎಲೆ. ಆದರೆ ಎಲೆಯ ತೊಟ್ಟನ್ನು, ಮುಟ್ಟದೆ, ಬಗ್ಗಿ ನೋಡಿ: ಎರಡು ಬದಿಗೂ ಎಳೆಯ ಮುಳ್ಳಿನಂಥ ಒಂದೊಂದು ಮೆತ್ತನೆಯ ಮೊನೆ ಇರುತ್ತದೆ. ಕತ್ತಿ ತಾಗಿದ ಕಡೆ ತೊಗಟೆಯಿಂದ ಒಸರುವ ಸೊನೆ ಗಾಳಿಗೆ ಕಪ್ಪಾಗಿ, ಡಾಂಬರು ಇಳಿದಂತೆ ಕಾಂಡದ ಮೇಲೆಯೇ ಉಳಿದುಬಿಡುತ್ತದೆ. ಹಿಂದೆ ಮಡಿವಾಳರು ಬಟ್ಟೆಗೆ ಗುರುತು ಹಾಕಲು ಬಳಸುತ್ತಿದ್ದ ಕರಿಗೇರು ಇದರ ದಾಯಾದಿ. ಗೋಡಂಬಿ, ಮಾವು ಕೂಡ ಅದೇ ಮನೆತನ. ಎಳೆ ಮಾವಿನಕಾಯಿಯ ತೊಟ್ಟು ಮುರಿದು ಕಚ್ಚಿ, ಸೊನೆ ತಾಗಿ ಬಾಯಂಚು ಹುಣ್ಣಾದದ್ದು ನಮ್ಮಲ್ಲಿ ಎಷ್ಟು ಜನಕ್ಕೆ ನೆನಪಿಲ್ಲ! ಚೇರಿನದು ಅದೇ ಬಗೆಯ ಸೊನೆ, ಅದಕ್ಕಿಂತ ಬಹಳ ಖಾರ. ಅಮೆರಿಕದವರನ್ನು ಕಾಡುವ ಪಾಯ್ಸನ್ ಐವಿ ಎಂಬ ಗಿಡವೂ ಈ ಬಳಗದ್ದೇ. ಅಂತರ್ಜಾಲದಲ್ಲಿ ಸಿಗುವ ಮನೆಮದ್ದುಗಳಲ್ಲಿ ಹೆಚ್ಚಿನವು ಆ ಗಿಡವನ್ನು ಕುರಿತವು. ಯಾರೋ ಅವನ್ನು ಕನ್ನಡಕ್ಕೆ ತಂದು, ಗಿಡದ ಹೆಸರು ಕಿತ್ತುಹಾಕಿ, ಅರಿಶಿನ ಸೇರಿಸಿ ನಮಗೆ ಕಳುಹಿಸುತ್ತಾರೆ.

ಈ ಸೊನೆಯ ಸ್ವಭಾವ ಎಣ್ಣೆಯಂಥದ್ದು. ನೀರಿಗೆ ಜಗ್ಗುವುದಿಲ್ಲ. ಚರ್ಮಕ್ಕೆ ತಾಗಿದ ಕೆಲವು ನಿಮಿಷಗಳಲ್ಲೇ ಒಳಗಿಳಿಯತೊಡಗುತ್ತದೆ; ಒಂದು ಸಲ ಇಳಿದು ಹಿಡಿದುಕೊಂಡಿತೆಂದರೆ ಆಮೇಲೆ ಎಷ್ಟು ಉಜ್ಜಿದರೂ ಬಿಡುವುದಿಲ್ಲ. ಹೊಲಿಗೆಯಲ್ಲಿ, ಕತ್ತಿಯ ಹಿಡಿಯಲ್ಲಿ, ಉಗುರಿನ ಸಂದಿನಲ್ಲಿ ಕುಳಿತು ತಿಂಗಳುಗಟ್ಟಲೆ ಕಾಯುವ ತಾಳ್ಮೆಯೂ ಅದಕ್ಕಿದೆ. ಇದನ್ನು ನನಗೆ ಕಲಿಸಿದ್ದು ಪುಸ್ತಕವಲ್ಲ, ಒಂದು ಹಗ್ಗ.

ಆ ವರ್ಷ ಕಪಾತಿನವರ ತಂಡದಲ್ಲಿ ಚೇರು ಹತ್ತಿದವನು ಕೆಲಸ ಮುಗಿಸಿ, ತನ್ನ ಸೊಂಟದ ಹಗ್ಗವನ್ನು ಸುತ್ತಿ ಸ್ಟೋರಿನ ಗೋಡೆಯ ಮೊಳೆಗೆ ನೇತುಹಾಕಿ ಹೋದ. ಮಳೆಗಾಲ ಕಳೆಯಿತು, ಕಾಫಿ ಕೊಯ್ಲು ಮುಗಿಯಿತು. ಎಂಟು ತಿಂಗಳ ಮೇಲೆ ಕರಿಮೆಣಸು ಕೊಯ್ಯಲು ಬಂದ ಇನ್ನೊಬ್ಬ, ಏಣಿಯನ್ನು ಮರಕ್ಕೆ ಬಿಗಿಯಲು ಅದೇ ಹಗ್ಗ ತೆಗೆದುಕೊಂಡ. ಅವನು ಹತ್ತಿದ್ದು ಸಿಲ್ವರ್ ಓಕ್. ಸುತ್ತ ಎಲ್ಲಿಯೂ ಚೇರಿಲ್ಲ. ಮೂರನೆಯ ದಿನ ಎರಡು ಅಂಗೈಗಳ ಅಂಚಿನಲ್ಲೂ, ಹಗ್ಗ ಹೆಗಲ ಮೇಲೆ ಹಾಕಿಕೊಂಡಿದ್ದ ಕಡೆ ಕುತ್ತಿಗೆಯ ಒಂದು ಮಗ್ಗುಲಲ್ಲೂ ನೀರುಗುಳ್ಳೆ. ಕುತ್ತಿಗೆಯ ಮೇಲೆ ಹಗ್ಗದ ಅಗಲವೇ ಅಚ್ಚೊತ್ತಿದಂತೆ ಇತ್ತು. ನಾನು ಹೋಗಿ ಹಗ್ಗ ಬಿಚ್ಚಿ ನೋಡಿದೆ. ನಡುವೆ ಒಂದು ಮೊಳದಷ್ಟು ಉದ್ದಕ್ಕೆ ಕಪ್ಪು ಕಲೆ. ಅಂದಿನಿಂದ ಕಪಾತಿನ ಹಗ್ಗ ಬೇರೆ, ಮೆಣಸಿನ ಹಗ್ಗ ಬೇರೆ ಎಂದು ಕಟ್ಟುನಿಟ್ಟು ಮಾಡಿದೆ. ಮೇಸ್ತ್ರಿ ನಕ್ಕಿದ್ದರು. 'ರೈಟರೇ, ಹಗ್ಗಕ್ಕೂ ಹಾಜರಿ ಹಾಕುತ್ತೀರಾ?' ಎಂದರು. ಹಾಕಿದೆ.

ಆ ಮೇಸ್ತ್ರಿಯ ಮಾತು ಬಂದುದರಿಂದ ಇನ್ನೊಂದನ್ನು ಹೇಳಬೇಕು. 'ನನಗೆ ಚೇರು ಏನೂ ಮಾಡುವುದಿಲ್ಲ' ಎಂದು ಅವರು ಇಪ್ಪತ್ತು ವರ್ಷ ಎದೆ ತಟ್ಟಿಕೊಂಡು ತಿರುಗಿದವರು. ಐವತ್ತು ದಾಟಿದ ಮೇಲೆ ಒಂದು ದಿನ ಮಾಡಿತು. ಇದು ಮರದ ಮುನಿಸಲ್ಲ. ಸುಡುವುದು ಸೊನೆಯಷ್ಟೇ ಅಲ್ಲ, ಅದನ್ನು ಶತ್ರುವೆಂದು ಗುರುತು ಹಿಡಿದ ನಮ್ಮ ಮೈಯ ಕಾವಲೇ ಹೆಚ್ಚು ಸುಡುತ್ತದೆ. ಕೆಲವರ ಮೈ ಮೊದಲ ಸಲಕ್ಕೇ ಗುರುತು ಹಿಡಿಯುತ್ತದೆ, ಕೆಲವರದು ಹತ್ತನೆಯ ಸಲಕ್ಕೆ. ಇಂದಿನವರೆಗೆ ಏನೂ ಆಗದವನಿಗೆ ನಾಳೆಯೂ ಆಗದು ಎನ್ನುವ ಖಾತರಿ ಇಲ್ಲ. ಗುಳ್ಳೆಯೊಡೆದು ಬರುವ ನೀರು ತಾಗಿ ಹರಡುತ್ತದೆ ಎಂಬ ಭಯವೂ ಹುಸಿ. ಆ ನೀರಿನಲ್ಲಿ ಸೊನೆ ಇರುವುದಿಲ್ಲ. ಒಂದೊಂದು ಜಾಗದಲ್ಲಿ ಒಂದೊಂದು ದಿನ ಗುಳ್ಳೆ ಏಳುವುದರಿಂದ ಹಾಗನ್ನಿಸುತ್ತದೆ, ಅಥವಾ ತೊಳೆಯದ ಅಂಗಿಯನ್ನೇ ಮತ್ತೆ ತೊಟ್ಟಿರುತ್ತಾರೆ. ಚೇರು ತಾಗಿದವನ ತಟ್ಟೆ ಲೋಟ ಬೇರೆ ಇಟ್ಟ ಮನೆಗಳನ್ನು ನಾನು ಕಂಡಿದ್ದೇನೆ. ಅನ್ಯಾಯ. ಬೇರೆ ಇಡಬೇಕಾದದ್ದು ಅಂಗಿ.

ಈಗ ನಿಂಬೆರಸದ ಕಥೆ. ಫೆಬ್ರವರಿ ತಿಂಗಳು. ಅಸ್ಸಾಮಿನಿಂದ ಬಂದ ಹುಡುಗ, ಇಪ್ಪತ್ತೆರಡರ ಪ್ರಾಯ, ಮೆಣಸು ಕೊಯ್ಲಿಗೆ ಏಣಿ ಹತ್ತಿದ್ದ. ಬಳ್ಳಿ ಹಬ್ಬಿದ್ದ ಮರದ ಪಕ್ಕದಲ್ಲೇ ಚೇರಿನ ಕೊಂಬೆ. ಅಡ್ಡ ಬಂತೆಂದು ಮುರಿದು ಎಸೆದ. ಬಲ ಮುಂಗೈಯಲ್ಲಿ ತುರಿಕೆ ಶುರುವಾದಾಗ ಲೈನ್ ಮನೆಯ ಯಾರೋ ಉಪಕಾರಿ ಈ ಅರಿಶಿನ-ನಿಂಬೆಯ ಲೇಪ ಹಚ್ಚಿದರು. ಏಣಿ ಹತ್ತಬೇಡ, ಹಗುರ ಕೆಲಸ ಮಾಡು ಎಂದು ಅವನನ್ನು ಕಣದಲ್ಲಿ ಮೆಣಸು ಹರವಲು ಕಳುಹಿಸಿದ್ದು ನಾನೇ. ಬೆಳಗಿನ ಒಂಬತ್ತರಿಂದ ಸಂಜೆ ನಾಲ್ಕರವರೆಗೆ ಬಿಸಿಲಿನಲ್ಲಿ ನಿಂತ. ಮರುದಿನ ಕೈ ಕೆಂಡ. ಅದರ ಮಾರನೆಯ ದಿನ ಮುಂಗೈ ಬಿಟ್ಟು ಮೊಳಕೈಯವರೆಗೆ ಹೊಸ ಬೊಬ್ಬೆ, ಅದೂ ಚೇರು ತಾಗಿರದ ಕಡೆ. ಸರಿಯಾಗಿ ನೋಡಿದರೆ ಗೆರೆಗೆರೆ: ಲೇಪದಿಂದ ರಸ ತೊಟ್ಟಿಕ್ಕಿ ಇಳಿದಿತ್ತಲ್ಲ, ಅದು ಇಳಿದ ದಾರಿಯಲ್ಲೇ ಚರ್ಮ ಬೆಂದಿತ್ತು. ಮಡಿಕೇರಿಗೆ ಕರೆದುಕೊಂಡು ಹೋದೆ. ಚರ್ಮದ ವೈದ್ಯೆ ತೋಳನ್ನು ಬೆಳಕಿಗೆ ತಿರುಗಿಸಿ ನೋಡಿ, 'ಇಲ್ಲಿ ಎರಡು ಗಾಯ ಇವೆ. ಒಂದು ಮರದ್ದು, ಇನ್ನೊಂದು ಮದ್ದಿನದು' ಎಂದರು. ನಿಂಬೆಯ ರಸದಲ್ಲಿ, ಅದರಲ್ಲೂ ಸಿಪ್ಪೆಯಲ್ಲಿ, ಇರುವ ಒಂದು ಅಂಶ ಬಿಸಿಲು ಬಿದ್ದರೆ ಚರ್ಮವನ್ನು ಸುಡುತ್ತದಂತೆ. ಮರದ ಗಾಯ ಮೂರು ವಾರದಲ್ಲಿ ಮಾಯಿತು. ಮದ್ದಿನ ಗೆರೆಗಳು ಕಾಡಿಗೆ ಬಳಿದಂತೆ ಕಪ್ಪಾಗಿ ಮಳೆಗಾಲದವರೆಗೆ ಉಳಿದವು. ಆ ಹುಡುಗನನ್ನು ಬಿಸಿಲಿಗೆ ಕಳುಹಿಸಿದ್ದು ನಾನು ಎಂಬುದು ನನಗೆ ಇನ್ನೂ ಚುಚ್ಚುತ್ತದೆ.

ಅರಿಶಿನದ ಮೇಲೆ ನನಗೆ ದ್ವೇಷವಿಲ್ಲ. ಆದರೆ ಅದೂ ಕೆಲವರ ಚರ್ಮಕ್ಕೆ ಆಗಿಬರುವುದಿಲ್ಲ. ಮೇಲಾಗಿ, ಮೈಯೆಲ್ಲ ಹಳದಿ ಮೆತ್ತಿಕೊಂಡು ಹೋದರೆ ಕೆಂಪು ಎಷ್ಟಿದೆ, ಕೀವು ಕಟ್ಟಿದೆಯೇ ಎಂಬುದು ವೈದ್ಯರಿಗೆ ಕಾಣುವುದು ಹೇಗೆ?

ಹಾಗಾದರೆ ಚೇರು ತಾಗಿದರೆ ಏನು ಮಾಡಬೇಕು? ಓಡಬೇಕು, ನೀರಿನ ಕಡೆಗೆ. ಹತ್ತು ನಿಮಿಷದೊಳಗೆ ಸಿಕ್ಕರೆ ಚಿನ್ನ, ಅರ್ಧ ಗಂಟೆಯಾದರೂ ಬಿಡಬೇಡಿ. ಹರಿಯುವ ತಣ್ಣೀರು, ಜಿಡ್ಡು ಬಿಡಿಸುವ ಸಾಬೂನು. ಮೈಸೋಪು ಇಲ್ಲದಿದ್ದರೆ ಬಟ್ಟೆ ಒಗೆಯುವ ಬಾರ್ ಸೋಪು, ಪಾತ್ರೆ ತೊಳೆಯುವ ಸೋಪು, ಯಾವುದೂ ಆಗುತ್ತದೆ. ಒಂದು ಸಲ ನೊರೆ ಮಾಡಿ ತೊಳೆದು, ಮತ್ತೊಂದು ಸಲ, ಮಗದೊಂದು ಸಲ. ತೆಂಗಿನ ನಾರು, ಕಲ್ಲು ಹಾಕಿ ತಿಕ್ಕಬಾರದು. ತಿಕ್ಕಿದರೆ ಒಳಕ್ಕೆ ದಾರಿ ಮಾಡಿಕೊಟ್ಟಂತೆ. ಬಿಸಿನೀರು ಬೇಡ. ಉಗುರಿನ ಸಂದು ಮರೆಯಬೇಡಿ, ಏಕೆಂದರೆ ಆ ಬೆರಳೇ ಆಮೇಲೆ ಕಣ್ಣಿಗೂ ಮೂತ್ರ ಮಾಡುವ ಜಾಗಕ್ಕೂ ಹೋಗುತ್ತದೆ. ತೋಟದಲ್ಲಿ ಮುಖಕ್ಕಿಂತ ಮುಜುಗರದ ಕಡೆ ಊದಿಸಿಕೊಂಡು ಬಂದವರೇ ಹೆಚ್ಚು. ನಾಚಿಕೆಯಿಂದ ನಾಲ್ಕು ದಿನ ಹೇಳದೆ ಇದ್ದು, ಐದನೆಯ ದಿನ ನಡೆಯಲಾರದೆ ಬಂದವರನ್ನೂ ಕಂಡಿದ್ದೇನೆ.

ತೆಂಗಿನೆಣ್ಣೆ ಹಚ್ಚಬೇಕೋ ಬೇಡವೋ ಎಂಬ ಜಗಳ ಪ್ರತಿ ಮನೆಯಲ್ಲೂ ಇದೆ. ಹಲಸಿನ ಅಂಟನ್ನು ನೆನೆದುಕೊಳ್ಳಿ. ಕೈಗೆ ಎಣ್ಣೆ ಸವರಿದರೆ ಅಂಟು ಬಿಟ್ಟುಕೊಳ್ಳುತ್ತದೆ, ನಿಜ. ಆದರೆ ಬಿಟ್ಟುಕೊಂಡ ಅಂಟನ್ನು ಬಟ್ಟೆಯಿಂದ ಒರೆಸಿ ಸೋಪಿನಿಂದ ತೊಳೆಯದಿದ್ದರೆ ಕೈಯೆಲ್ಲ ಅಂಟು. ಚೇರಿನ ಸೊನೆಯದೂ ಹಾಗೆಯೇ. ಎಣ್ಣೆ ಹಚ್ಚಿ ಒರೆಸಿ ಕೂಡಲೇ ಸೋಪು ಹಾಕಿ ತೊಳೆಯುವವರ ಜೊತೆ ನನಗೆ ಜಗಳವಿಲ್ಲ. ಎಣ್ಣೆ ಮೆತ್ತಿಕೊಂಡು ಬಿಸಿಲು ಕಾಯಿಸುತ್ತಾ ಕೂರುವವರು ಒಂದು ರೂಪಾಯಿಯಗಲದ ತುರಿಕೆಯನ್ನು ಇಡೀ ತೋಳಿಗೆ ಹಂಚಿಕೊಳ್ಳುತ್ತಾರೆ. ಸೀಮೆಎಣ್ಣೆ, ಪೆಟ್ರೋಲು, ಬ್ಲೀಚಿಂಗ್ ಪುಡಿ ಇವುಗಳ ಸುದ್ದಿಯನ್ನೇ ಎತ್ತಬೇಡಿ.

ನಮ್ಮ ತೋಟದಲ್ಲಿ ವಯನಾಡಿನ ಕಡೆಯಿಂದ ಬಂದ ಹಿರಿಯರೊಬ್ಬರಿದ್ದರು. ಚೇರು ಮುನಿದರೆ ತಾರೆ ಮರದ ಕಾಲು ಹಿಡಿಯಬೇಕು ಎನ್ನುತ್ತಿದ್ದರು. ತ್ರಿಫಲದಲ್ಲಿ ಅಳಲೆ, ನೆಲ್ಲಿಯ ಜೊತೆ ಸೇರುವ ತಾರೆಕಾಯಿಯ ಮರ. ಅದನ್ನು ಸುತ್ತು ಬಂದು, ತಪ್ಪಾಯಿತೆಂದು ಕೈಮುಗಿದು, ಒಂದಿಷ್ಟು ತೊಗಟೆ ಕೆತ್ತಿ ತಂದು ಕುದಿಸಿ, ಆರಿಸಿ, ಆ ನೀರಿನಲ್ಲಿ ಸ್ನಾನ ಮಾಡಬೇಕು. ನಾನು ಚಿಕ್ಕಂದಿನಲ್ಲಿ ಇದಕ್ಕೆ ನಗುತ್ತಿದ್ದೆ. ಈಗ ನಗುವುದಿಲ್ಲ. ಎಣಿಸಿ ನೋಡಿದರೆ, ಆ ಆಚಾರದಲ್ಲಿ ಆಳು ಅಂದಿನ ಕೆಲಸ ಬಿಡುತ್ತಾನೆ, ಅಂಗಿ ಬಿಚ್ಚುತ್ತಾನೆ, ಮೈ ತೊಳೆಯುತ್ತಾನೆ, ತೊಗಟೆಯ ಒಗರು ನೀರು ಉರಿಯುವ ಚರ್ಮವನ್ನು ಸ್ವಲ್ಪ ಬಿಗಿ ಮಾಡುತ್ತದೆ, ನೀರುಗುಳ್ಳೆ ಬೇಗ ಒಣಗುತ್ತದೆ. ಮೂರು ದಿನ ಕಳೆದ ಮೇಲೆ ಸುತ್ತು ಬಂದರೆ ಅಷ್ಟಕ್ಕಷ್ಟೇ. ನಾನು ಅವರಿಗೆ ಹೇಳುತ್ತಿದ್ದದ್ದು ಇಷ್ಟೇ: 'ಮೊದಲು ಸೋಪು, ಆಮೇಲೆ ತಾರೆ.' ಅವರು ಒಪ್ಪಿಕೊಂಡಿದ್ದರು. ನಾವಿಬ್ಬರೂ ಒಂದು ರಾಜಿಗೆ ಬಂದೆವು ಎನ್ನಿ.

ಸೊಪ್ಪುಸದೆ ಮದ್ದೆಂದರೆ ಮೂಗು ಮುರಿಯುವವನು ನಾನಲ್ಲ ಎಂಬುದನ್ನೂ ಹೇಳಿಬಿಡುತ್ತೇನೆ. ಆಗಸ್ಟ್ 3ರಂದು, ಕೊಡವರ ಕಕ್ಕಡ ತಿಂಗಳ 18ಕ್ಕೆ, ಮದ್ದುಸೊಪ್ಪಿನ ಪಾಯಸ ಉಣ್ಣದೆ ನಾನು ಒಂದು ವರ್ಷವನ್ನೂ ಕಳೆದಿಲ್ಲ. ಆ ಸೊಪ್ಪಿನಿಂದ ಮರುದಿನ ಮೂತ್ರ ಕೆಂಪಾದದ್ದನ್ನು ಕಂಡು ಗಾಬರಿಗೊಂಡ ಮೈಸೂರಿನ ಅಳಿಯನಿಗೆ ಸಮಾಧಾನ ಹೇಳಿದ್ದೂ ನಾನೇ.

ಇನ್ನು ಎರಡನೆಯ ಜಾತಿ, ತುರಿಕೆ ಸೊಪ್ಪಿನದು. ಇದರ ಲೆಕ್ಕವೇ ಬೇರೆ. ಚೇರು ಎರಡು ದಿನ ತಡೆದು ಹೊಡೆಯುತ್ತದೆ, ಇದು ಮುಟ್ಟಿದ ಕ್ಷಣಕ್ಕೇ ಹೊಡೆಯುತ್ತದೆ. ಎಲೆ ಕಾಂಡಗಳ ಮೇಲಿನ ಒಂದೊಂದು ರೋಮವೂ ಗಾಜಿನ ಟೊಳ್ಳು ಸೂಜಿ. ತಾಗಿದರೆ ತುದಿ ಮುರಿದು, ಒಳಗಿನ ರಸವನ್ನು ಚುಚ್ಚುಮದ್ದಿನಂತೆ ಚರ್ಮಕ್ಕೆ ಸೇರಿಸುತ್ತದೆ. ಹಳ್ಳದ ಬದಿಯ ತಂಪಿನಲ್ಲಿ ಆಳೆತ್ತರಕ್ಕೂ ಮೀರಿ ಬೆಳೆಯುವ ದೊಡ್ಡೆಲೆಯದನ್ನು ನಾವು ಆನೆ ತುರಿಕೆ ಎನ್ನುತ್ತೇವೆ. ನನಗೆ ಒಮ್ಮೆ ಮೊಣಕಾಲಿನ ಹಿಂದೆ ತಾಗಿತ್ತು. ಉರಿ ಎರಡು ದಿನ ಇತ್ತು. ಇಳಿಯಿತು ಎಂದುಕೊಂಡು ಸ್ನಾನಕ್ಕೆ ಹೋದರೆ, ನೀರು ಬಿದ್ದೊಡನೆ ಮತ್ತೆ ಹೊಸದಾಗಿ ಶುರು. ವಿಚಿತ್ರವೆಂದರೆ, ಚೇರಿನ ಗಂಧವೇ ತಿಳಿಯದಿದ್ದ ಆ ಅಸ್ಸಾಮಿನ ಹುಡುಗನಿಗೆ ಆನೆ ತುರಿಕೆ ನಮಗಿಂತ ಚೆನ್ನಾಗಿ ಗೊತ್ತಿತ್ತು. ಅವನ ಊರಿನಲ್ಲೂ ಅದು ಇದೆಯಂತೆ. ನೂರು ಅಡಿ ದೂರದಿಂದಲೇ ಕೈ ತೋರಿಸಿ, 'ಸಾರ್, ಆ ಕಡೆ ಬೇಡ' ಎಂದಿದ್ದ.

ಇಲ್ಲಿ ಉಜ್ಜುವುದೇ ದೊಡ್ಡ ತಪ್ಪು. ಉಜ್ಜಿದಷ್ಟೂ ಮುರಿಯದೆ ಉಳಿದ ರೋಮಗಳೂ ಮುರಿಯುತ್ತವೆ. ನನ್ನ ಮೇಜಿನ ಡ್ರಾಯರಿನಲ್ಲಿ ಲಕೋಟೆಗೆ ಅಂಟಿಸುವ ಅಗಲದ ಟೇಪು ಇರುತ್ತಿತ್ತು. ಅದನ್ನು ತಾಗಿದ ಕಡೆ ಮೆಲ್ಲಗೆ ಒತ್ತಿ, ಸರಕ್ಕನೆ ಎಳೆದು, ಹೊಸ ತುಂಡು ಹಾಕಿ ಮತ್ತೆ ಎಳೆದರೆ ರೋಮ ಅದಕ್ಕೆ ಅಂಟಿ ಬರುತ್ತದೆ. ಬೆಳಕಿಗೆ ಹಿಡಿದರೆ ಕಾಣುತ್ತದೆ, ಬೆಳ್ಳಿಯ ಧೂಳಿನಂತೆ. ಕಳೆ ತೆಗೆಯುವ ಹೆಂಗಸರು ಈ ಟೇಪಿಗೆ 'ರೈಟರ ಮುಲಾಮು' ಎಂದು ಹೆಸರಿಟ್ಟಿದ್ದರು. ತೋಟದ ಲೆಕ್ಕದಲ್ಲಿ ಟೇಪಿನ ಖರ್ಚು ಹೆಚ್ಚಾಯಿತೆಂದು ಒಮ್ಮೆ ವಿವರಣೆ ಕೇಳಿದರು, ಕೊಟ್ಟೆ.

ನಸುಗುನ್ನಿಕಾಯಿಗೂ ಇದೇ ಉಪಾಯ. ಅದರ ಕಾಯಿಯ ಮೇಲಿನ ಕಂದು ನವಿರು ಗಾಳಿಗೆ ಹಾರಿ ಬಂದರೂ ಸಾಕು, ಕುಣಿಸಿಬಿಡುತ್ತದೆ. ನಾನು ಏಳನೆಯ ತರಗತಿಯಲ್ಲಿದ್ದಾಗ ಮೇಷ್ಟರ ಕುರ್ಚಿಗೆ ಅದನ್ನು ಸವರಿದ ತಂಡದಲ್ಲಿದ್ದೆ. ಯಾರು ಎಂದು ಇಂದಿಗೂ ಹೊರಬಿದ್ದಿಲ್ಲ, ಈಗ ಬಿತ್ತು. ಮೇಷ್ಟರಿಗೆ ಪಕ್ಕದ ಮನೆಯವರು ಸೆಗಣಿ ಬಳಿದರು. ಸೆಗಣಿ ಒಣಗಿ ಕಳಚುವಾಗ ನವಿರೂ ಅದರ ಜೊತೆ ಬರುತ್ತದೆ, ಆದ್ದರಿಂದ ಗುಣ ಕಾಣುವುದು ಸುಳ್ಳಲ್ಲ. ಆದರೆ ಕೆರೆದು ಕೆರೆದು ತರಚಿದ ಚರ್ಮಕ್ಕೆ ಸೆಗಣಿ ಬಳಿದರೆ ಧನುರ್ವಾಯುವಿಗೆ ಬಾಗಿಲು ತೆರೆದಂತೆ. ಕಳಚಿ ಬರುವ ಕೆಲಸವನ್ನು ಕಲಸಿದ ಮೈದಾ ಹಿಟ್ಟು ಕೂಡ ಮಾಡುತ್ತದೆ. ಟೇಪಿದ್ದರಂತೂ ಹಿಟ್ಟೂ ಬೇಡ.

ಕೆಸುವಿನ ಕಡಿತದ ಬಗ್ಗೆ ನಮ್ಮ ಹೆಂಗಸರಿಗೆ ನಾನು ಹೇಳಬೇಕಾದದ್ದಿಲ್ಲ. ಕೈಗೆ ಎಣ್ಣೆ ಸವರಿಕೊಂಡು ಹೆಚ್ಚುವುದು, ಹುಣಸೆಹುಳಿ ಹಾಕಿ ಚೆನ್ನಾಗಿ ಬೇಯಿಸುವುದು, ಎಲ್ಲವೂ ಸರಿಯೇ. ಅಲ್ಲಿರುವುದು ಕಣ್ಣಿಗೆ ಕಾಣದ ಸುಣ್ಣದಂಶದ ಸೂಜಿಗಳು, ಎಣ್ಣೆ ಸೊನೆಯಲ್ಲ. ಹುಳಿಯ ಮದ್ದು ಸಲ್ಲುವುದು ಅಲ್ಲಿಗೆ. ಬಹುಶಃ ಅಡುಗೆಮನೆಯ ಈ ಹುಳಿಯೇ ಹಾದಿ ತಪ್ಪಿ ಚೇರಿನ ಗಾಯದ ಮೇಲೆ ನಿಂಬೆರಸವಾಗಿ ಹೋಗಿ ಕೂತಿರಬೇಕು. ಕುಶಾಲನಗರದ ಬಯಲು ಕಡೆಯ ಕಾಂಗ್ರೆಸ್ ಗಿಡ ಮತ್ತೊಂದು ಪಂಗಡ. ಅದರ ಧೂಳು ಗಾಳಿಯಲ್ಲಿ ಬಂದು ಕಣ್ಣರೆಪ್ಪೆ, ಕುತ್ತಿಗೆಯ ಮೇಲೆ ಕುಳಿತು ವರ್ಷವರ್ಷವೂ ಕಾಡುತ್ತದೆ. ಅದಕ್ಕೆ ಮನೆಮದ್ದು ಹುಡುಕುತ್ತಾ ಕಾಲ ಕಳೆಯದೆ ಚರ್ಮವೈದ್ಯರನ್ನು ಕಾಣುವುದೇ ವಾಸಿ.

ಗುಳ್ಳೆ ಎದ್ದೇಬಿಟ್ಟ ಮೇಲೆ ಮನೆಯಲ್ಲಿ ಮಾಡುವಂಥದ್ದು ಏನಿದೆ ಎಂದು ಕೇಳಬಹುದು. ಮಾಯಿಸುವ ಮನೆಮದ್ದು ನನಗೆ ಗೊತ್ತಿಲ್ಲ. ಎರಡು ಮೂರು ವಾರದಲ್ಲಿ ಅದು ತಾನೇ ಮಾಯುತ್ತದೆ. ಆ ಮೂರು ವಾರದ ರಾತ್ರಿಗಳನ್ನು ಕಳೆಯುವುದಕ್ಕೆ ಮಾತ್ರ ಉಪಾಯಗಳಿವೆ. ಒದ್ದೆ ಬಟ್ಟೆಯನ್ನು ತಣ್ಣೀರಿನಲ್ಲಿ ಹಿಂಡಿ ಹದಿನೈದು ಇಪ್ಪತ್ತು ನಿಮಿಷ ಹಾಕಿಕೊಳ್ಳುವುದು ಎಲ್ಲಕ್ಕಿಂತ ಮೇಲು. ನನ್ನಜ್ಜಿ ಆರಿದ ಅನ್ನದ ಗಂಜಿಯ ತಿಳಿಯಲ್ಲಿ ಬಟ್ಟೆ ಅದ್ದುತ್ತಿದ್ದರು, ಅದೂ ಹಿತವೇ. ಅಡುಗೆ ಸೋಡಾವನ್ನು ನೀರಿನಲ್ಲಿ ಕಲಸಿ ತೆಳ್ಳಗೆ ಹಚ್ಚಿದರೆ ಕೆಲವರಿಗೆ ನಿದ್ದೆ ಬರುತ್ತದೆ. ಲೋಳೆಸರ ಬಳಸುವವರು ಒಳಗಿನ ತಿಳಿ ಲೋಳೆಯನ್ನು ಮಾತ್ರ ತೆಗೆಯಬೇಕು, ಸಿಪ್ಪೆಯಂಚಿನ ಹಳದಿ ರಸ ತಾನೇ ಉರಿ ತರಿಸುತ್ತದೆ. ಔಷಧಿ ಅಂಗಡಿಯ ಗುಲಾಬಿ ಬಣ್ಣದ ಕ್ಯಾಲಮೈನ್ ಲೋಷನ್ ನನ್ನ ಪೆಟ್ಟಿಗೆಯಲ್ಲಿ ಎಂದೂ ಖಾಲಿಯಾಗಿರಲಿಲ್ಲ. ಬಿಸಿನೀರು ಸುರಿದುಕೊಂಡರೆ ಒಂದು ಗಳಿಗೆ ಸ್ವರ್ಗ ಕಾಣುತ್ತದೆ, ಆಮೇಲೆ ಎರಡರಷ್ಟು ತುರಿಕೆ. ಗುಳ್ಳೆ ಒಡೆಯಬೇಡಿ. ಅಂಗಡಿಯಲ್ಲಿ ಕೇಳಿ ತರುವ 'ಬಿಳಿ ಟ್ಯೂಬು' ಇದೆಯಲ್ಲ, ಅದರಲ್ಲಿ ಹೆಚ್ಚಿನವುಗಳಲ್ಲಿ ಸ್ಟಿರಾಯ್ಡ್ ಇರುತ್ತದೆ. ವೈದ್ಯರು ಹೇಳಿದಷ್ಟು ದಿನ ಹಚ್ಚಿದರೆ ಅದು ನಿಜಕ್ಕೂ ಮದ್ದು. ತಾವೇ ತಿಂಗಳುಗಟ್ಟಲೆ ಮುಖಕ್ಕೆ ಬಳಿದುಕೊಂಡ ಒಬ್ಬಾಕೆಯ ಕೆನ್ನೆ ಈರುಳ್ಳಿ ಸಿಪ್ಪೆಯಂತೆ ತೆಳ್ಳಗಾಗಿತ್ತು.

ಕಣ್ಣು ಮುಚ್ಚುವಂತೆ ಊದಿದರೆ, ಬಾಯೊಳಗೆ, ಮರ್ಮಸ್ಥಾನದಲ್ಲಿ ಎದ್ದರೆ, ಕೀವೋ ಜ್ವರವೋ ಬಂದರೆ ಜಗಲಿಯಲ್ಲಿ ಕೂರುವ ಮಾತಿಲ್ಲ, ಆಸ್ಪತ್ರೆಗೆ ಹೋಗಲೇಬೇಕು. ಉಸಿರು ಕಟ್ಟಿದಂತಾದರೆ ಬಸ್ಸಿಗೆ ಕಾಯದೆ ಜೀಪು ಹಿಡಿಯಿರಿ. ಈ ಉಸಿರಿನ ತೊಂದರೆ ಬರುವುದು ಹೆಚ್ಚಾಗಿ ಹೊಗೆಯಿಂದ. ಕಪಾತು ಮಾಡಿದ ಕೊಂಬೆಗಳನ್ನು ಲೈನ್ ಮನೆಯವರು ಸೌದೆಗೆ ಒಯ್ಯುತ್ತಾರೆ. ಅದರಲ್ಲಿ ಚೇರಿನ ತುಂಡು ಸೇರಿದ್ದರೆ, ಒಲೆಗೆ ಹಾಕಿದಾಗ ಸೊನೆ ಹೊಗೆಯ ಜೊತೆ ಎದ್ದು ಕಣ್ಣಿಗೂ ಗಂಟಲಿಗೂ ಎದೆಗೂ ಇಳಿಯುತ್ತದೆ. ಮರ ಹತ್ತದ, ಮರ ಮುಟ್ಟದ ಹೆಂಗಸರ ಮುಖ ಊದಿಕೊಂಡ ದಿನಗಳಿಗೂ ನನ್ನ ಪುಸ್ತಕದಲ್ಲಿ 'ಚೇ' ಎಂದೇ ಇದೆ.

ಮರವನ್ನೇ ಕಡಿದುಹಾಕಿ ಎನ್ನುವವರಿದ್ದಾರೆ. ಕಡಿಯುವವನು ಯಾರು? ಮೊದಲು ಊದುವವನೂ ಅವನೇ. ಮೇಲಾಗಿ ನೆರಳಿನ ಕಾಡುಮರವನ್ನು ಬೇಕೆಂದಾಗ ಉರುಳಿಸಲು ಬರುವುದಿಲ್ಲ, ಅನುಮತಿ ಬೇಕು. ಇರಲಿ ಬಿಡಿ ಮರ. ನಾನು ಕೇಳುವುದು ಬೇರೆ.

ಈಗ ನಮ್ಮ ತೋಟಗಳಲ್ಲಿ ಮರ ಹತ್ತುವವರಲ್ಲಿ, ಏಣಿ ಹತ್ತುವವರಲ್ಲಿ ಅಸ್ಸಾಂ, ಬಂಗಾಳದ ಕಡೆಯವರು ಬಹಳ ಜನ. ಹಿಂದಿನ ಆಳುಗಳಿಗೆ ಚೇರನ್ನು ಅಪ್ಪ ತೋರಿ ಕೊಟ್ಟಿದ್ದ. ಇವರಿಗೆ ತೋರಿಸುವವರು ಯಾರು? ಕನ್ನಡದಲ್ಲಿ ಕೂಗಿ ಎಚ್ಚರಿಸಿದರೆ ಅರ್ಥವಾಗದು. ನಾನು ಒಬ್ಬನಿಗೆ ಹಿಂದಿಯಲ್ಲಿ 'ಭಿಲಾವಾ' ಎಂದು ಕರಿಗೇರಿನ ಹೆಸರು ಹೇಳಿದ ಮೇಲೆಯೇ ಅವನು ಏಣಿ ಇಳಿದದ್ದು. ಕಪಾತು ಶುರುವಾಗುವ ಮೊದಲು ತೋಟದ ಮಾಲೀಕರು ಒಂದು ಮಧ್ಯಾಹ್ನ ಖರ್ಚು ಮಾಡಿ, ತಿಳಿದ ಒಬ್ಬ ಹಳೆಯ ಆಳನ್ನು ಕರೆದುಕೊಂಡು ಸುತ್ತಿ, ಚೇರು ಇರುವಲ್ಲೆಲ್ಲ ಎದೆಯೆತ್ತರದಲ್ಲಿ ಬಣ್ಣದ ಪಟ್ಟೆ ಹಾಕಿಸಲಿ. ಕೆಲಸ ನಡೆಯುವ ಜಾಗಕ್ಕೆ ಕುಡಿಯುವ ನೀರಿನ ಜೊತೆ ತೊಳೆಯುವ ನೀರಿನ ಒಂದು ಕ್ಯಾನು, ಒಂದು ಬಾರ್ ಸೋಪು ಹೋಗಲಿ. ಕಪಾತಿನ ಅಂಗಿ, ಹಗ್ಗ ಲೈನ್ ಮನೆಯೊಳಗೆ ಬಾರದಿರಲಿ. ಪೊನ್ನಂಪೇಟೆಯ ಅರಣ್ಯ ಕಾಲೇಜಿನವರಿಗೂ, ಚೆಟ್ಟಳ್ಳಿಯ ಕಾಫಿ ಸಂಶೋಧನಾ ಉಪಕೇಂದ್ರದವರಿಗೂ ನಿಮ್ಮ ಪತ್ರಿಕೆಯ ಮೂಲಕ ಒಂದು ಕೋರಿಕೆ: ಚೇರು, ಆನೆ ತುರಿಕೆ, ನಸುಗುನ್ನಿ ಈ ಮೂರರ ದೊಡ್ಡ ಬಣ್ಣದ ಚಿತ್ರವಿರುವ ಒಂದು ಹಾಳೆ ಮಾಡಿಕೊಡಿ. ಕೆಳಗೆ ಕನ್ನಡ, ಹಿಂದಿ, ಅಸ್ಸಾಮಿ, ಬಂಗಾಳಿಯಲ್ಲಿ ಎರಡೆರಡು ಸಾಲು ಸಾಕು. ಔಷಧಿ ಪೆಟ್ಟಿಗೆಯ ಮುಚ್ಚಳದ ಒಳಬದಿಗೆ ಅಂಟಿಸಿದರೆ, ಗಾಯವಾದಾಗ ತೆರೆದವನ ಕಣ್ಣಿಗೆ ತಾನೇ ಬೀಳುತ್ತದೆ.

ನಿವೃತ್ತನಾಗುವ ವರ್ಷ ನಾನು ಹಳದಿ ಪೇಂಟು ಹಿಡಿದು ಹೋಗಿ ಹನ್ನೆರಡು ಮರಗಳಿಗೆ ಪಟ್ಟೆ ಹಾಕಿಸಿದ್ದೆ. ಹದಿಮೂರನೆಯದು ಬೇಲಿಯ ಆಚೆ, ಪಕ್ಕದ ತೋಟದ್ದು. ಕೊಂಬೆ ಮಾತ್ರ ನಮ್ಮ ಮೆಣಸಿನ ಮೇಲೆ ಚಾಚಿದೆ. ಅದು ಇಂದಿಗೂ ಹಾಗೆಯೇ ಇದೆ. ಉಳಿದ ಅರ್ಧ ಡಬ್ಬಿ ಪೇಂಟು ನಮ್ಮ ಮನೆಯ ಕೊಟ್ಟಿಗೆಯಲ್ಲಿದೆ. ಆ ತೋಟದವರು ಈ ಪತ್ರ ಓದಿದರೆ ಬಂದು ಒಯ್ಯಬಹುದು, ಬ್ರಷ್ಷೂ ಕೊಡುತ್ತೇನೆ.

— ಒಬ್ಬ ನಿವೃತ್ತ ತೋಟದ ರೈಟರ್,
ಸಿದ್ದಾಪುರ, ಕೊಡಗು ಜಿಲ್ಲೆ